ದೋಣಿಯಲ್ಲಿ ಕರೆದುಕೊಂಡು ಹೋಗೋ ಸ್ನಾರ್ಕೆಲಿಂಗ್ ಟ್ರಿಪ್: ಈಜು ಬಾರದವರು, ವಯಸ್ಸಾದವರು ಇದ್ರೆ ಏನೇನು ಕೇಳ್ಬೇಕು?

ವೀಣಾ_ಎಚ್

ಎಲ್ಲರಿಗೂ ನಮಸ್ಕಾರ. ಬರೋ ತಿಂಗಳು ಮನೆಮಂದಿಯೆಲ್ಲ ಸೇರಿ ಹವಳದ ದಿಬ್ಬ ನೋಡೋಕೆ ಹೋಗ್ತಿದ್ದೀವಿ. ಬೆಳಿಗ್ಗೆ ದೋಣಿ ಹತ್ತಿಸ್ಕೊಂಡು ಹೋಗಿ, ಎರಡು ಜಾಗದಲ್ಲಿ ಮಾಸ್ಕ್, ಉಸಿರಾಡೋ ಕೊಳವೆ ಹಾಕಿಸಿ ನೀರಿಗಿಳಿಸಿ, ಮಧ್ಯಾಹ್ನ ದಡಕ್ಕೆ ಬಿಡೋ ಟ್ರಿಪ್. ಜೊತೆಗೆ ಗೈಡ್ ಇರ್ತಾರಂತೆ. ಜಾಹೀರಾತಲ್ಲಿ "ಈಜು ಬರಲೇಬೇಕಂತಿಲ್ಲ, ಲೈಫ್ ಜಾಕೆಟ್ ಕೊಡ್ತೀವಿ" ಅಂತ ದಪ್ಪ ಅಕ್ಷರದಲ್ಲಿದೆ.

ನನಗೆ ಈಜುಕೊಳದ ಮಟ್ಟಿಗೆ ಈಜು ಬರುತ್ತೆ. ಯಜಮಾನರಿಗೆ ಬರಲ್ಲ, ನೀರು ಅಂದ್ರೆ ಸ್ವಲ್ಪ ಹೆದರಿಕೇನೂ ಇದೆ. ಮಗಳಿಗೆ 11, ನನಗಿಂತ ಚೆನ್ನಾಗಿ ಈಜ್ತಾಳೆ. ಅಮ್ಮನಿಗೆ 64, ಬಿಪಿ ಮಾತ್ರೆ ತಗೊಳ್ತಾರೆ. ಎಲ್ಲರಿಗಿಂತ ಹುಮ್ಮಸ್ಸು ಜಾಸ್ತಿ ಇರೋದು ಅಮ್ಮನಿಗೇ. "ಆಮೆ ನೋಡ್ದೆ ನಾನು ವಾಪಸ್ ಬರೋಳಲ್ಲ" ಅಂತ ಪಟ್ಟು ಹಿಡಿದು ಕೂತಿದ್ದಾರೆ.

ಬುಕ್ ಮಾಡೋ ಮುಂಚೆ ಆ ದೋಣಿಯವರನ್ನ ಏನು ಕೇಳ್ಬೇಕು? ನೀರೊಳಗೆ ನಿಜವಾಗ್ಲೂ ಏನು ಕಾಣುತ್ತೆ, ಏನು ಕಾಣಲ್ಲ? ಅನುಭವ ಇರೋರು ದಯವಿಟ್ಟು ಬಿಡಿಸಿ ಹೇಳಿ.

ತರಲೆ_ತಿಮ್ಮ

ಮೊದಲು ಆ ಆಮೆಗೆ ಒಂದು ಮಾತು ಹೇಳಿಟ್ಟಿರಿ ಅಕ್ಕ. ಅಮ್ಮ ಬರ್ತಿದ್ದಾರೆ, ಅವತ್ತು ರಜೆ ಹಾಕ್ಬೇಡ ಅಂತ.

ಪ್ರವಾಸಿ_ಪ್ರಸನ್ನ

ಆರಾಮಾಗಿ ಹೋಗಿ ಬನ್ನಿ ಮೇಡಂ, ಇಷ್ಟೊಂದು ಯೋಚನೆ ಮಾಡೋ ವಿಷಯಾನೇ ಅಲ್ಲ. ಜಾಕೆಟ್ ಹಾಕಿದ್ರೆ ಯಾರೂ ಮುಳುಗಲ್ಲ. ಉಪ್ಪುನೀರು ತಾನಾಗೇ ತೇಲಿಸುತ್ತೆ. ಒಂದು ಬ್ರೆಡ್ ಪ್ಯಾಕೆಟ್ ಜೊತೇಲಿಟ್ಕೊಳ್ಳಿ, ನೀರಲ್ಲಿ ಪುಡಿ ಮಾಡಿ ಹಾಕಿದ್ರೆ ಸಾಕು, ಮೀನುಗಳು ಕೈಗೇ ಮುತ್ಕೊಳ್ಳುತ್ವೆ. ಫೋಟೋ ಅದ್ಭುತವಾಗಿ ಬರುತ್ತೆ. ಅಮ್ಮನಿಗೆ ಮುಖಪೂರ್ತಿ ಮುಚ್ಚೋ ಮಾಸ್ಕ್ ತಗೊಳ್ಳಿ, ಮೂಗಲ್ಲೇ ಉಸಿರಾಡಬಹುದು, ಬಾಯಲ್ಲಿ ಕೊಳವೆ ಕಚ್ಚೋ ರಗಳೆ ಇಲ್ಲ.

ಕಡಲಹಕ್ಕಿ

ಪ್ರಸನ್ನ ಅವರೇ, ಬ್ರೆಡ್ಡು, ಮಾಸ್ಕು ಎರಡರ ಬಗ್ಗೆನೂ ಹೇಳೋದಿದೆ, ಆಮೇಲೆ ಬರ್ತೀನಿ. ಮೊದಲು ವೀಣಾ ಅವರ ಪ್ರಶ್ನೆ.

ನಾನು ಕೆಲವು ವರ್ಷ ಇಂಥ ದೋಣಿಗಳಲ್ಲೇ ಗೈಡ್ ಆಗಿ ಕೆಲಸ ಮಾಡಿದೀನಿ. "ಸೇಫ್ ತಾನೇ?" ಅಂತ ಕೇಳಿದ್ರೆ ಪ್ರಪಂಚದ ಯಾವ ದೋಣಿಯವನೂ "ಇಲ್ಲ" ಅನ್ನಲ್ಲ. ಹಾಗಾಗಿ ಆ ಪ್ರಶ್ನೆ ದಂಡ. ಕೇಳ್ಬೇಕಾದ್ದು ಇದು: ಎಲ್ಲರೂ ನೀರಲ್ಲಿರುವಾಗ ದೋಣಿ ಮೇಲೆ ನಿಂತು ನೀರನ್ನೇ ನೋಡ್ತಾ ಇರೋನು ಯಾರು? ಅವನಿಗೆ ಅದೊಂದೇ ಕೆಲಸವಾ, ಇಲ್ಲಾ ಊಟದ ತಟ್ಟೆ ಜೋಡಿಸೋದು, ಎಂಜಿನ್ ನೋಡೋದು ಎಲ್ಲಾ ಅವನೇನಾ? ನೀರಲ್ಲಿರೋ ಗೈಡ್‌ಗೆ ಅಪಾಯ ಕಾಣೋದು ಕಡಿಮೆ, ಯಾಕಂದ್ರೆ ಅವನ ಕಣ್ಣೂ ನೀರಿನ ಮಟ್ಟದಲ್ಲೇ ಇರುತ್ತೆ. ಸಣ್ಣ ಅಲೆ ಅಡ್ಡ ಬಂದ್ರೂ ಇಪ್ಪತ್ತು ಮೀಟರ್ ಆಚೆಯ ತಲೆ ಮರೆಯಾಗುತ್ತೆ. ಮೇಲಿಂದ ನೋಡೋನು ಬೇಕೇ ಬೇಕು.

ಎರಡನೇದು, ತಲೆ ಎಣಿಕೆ. ನೀರಿಗಿಳಿಯೋ ಮುಂಚೆ ಒಂದ್ಸಲ, ಹತ್ತಿದ ಮೇಲೆ ಒಂದ್ಸಲ, ಹೆಸರು ಕೂಗಿ, ಪಟ್ಟಿಗೆ ಟಿಕ್ ಹಾಕಿ. 1998ರ ಜನವರಿಯಲ್ಲಿ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಡೈವಿಂಗ್ ದೋಣಿಯೊಂದು ಅಮೆರಿಕದ ದಂಪತಿಯನ್ನ ನೀರಲ್ಲೇ ಬಿಟ್ಟು ದಡಕ್ಕೆ ಬಂತು. ಅವರು ಕಾಣೆಯಾಗಿದ್ದಾರೆ ಅಂತ ಗೊತ್ತಾಗಿದ್ದೇ ಎರಡು ದಿನ ಕಳೆದ ಮೇಲೆ. ಇಬ್ಬರೂ ಸಿಗಲೇ ಇಲ್ಲ. ಅಷ್ಟು ಅಚ್ಚುಕಟ್ಟಾದ ಪ್ರವಾಸೋದ್ಯಮ ಇರೋ ಕಡೆಯೇ ಎಣಿಕೆ ತಪ್ಪಿತು. ಅದಾದ ಮೇಲೇ ಅಲ್ಲಿ ಎಣಿಕೆಯ ನಿಯಮ ಬಿಗಿಯಾಗಿದ್ದು. ಹೊರಡುವಾಗ ನಿಮ್ಮ ದೋಣಿಯವನು "ಎಲ್ಲಾ ಬಂದ್ರಾ? ಸರಿ ಹೊರಡೋಣ" ಅಂದ್ರೆ ಬಾಯ್ಬಿಟ್ಟು ಕೇಳಿ, "ಎಣಿಸಿದ್ರಾ?" ಅಂತ.

ಮೂರನೇದು, "ಗಾಳಿ ಜೋರಿದ್ರೆ ಏನ್ಮಾಡ್ತೀರಿ?" ಇದಕ್ಕೆ ಒಳ್ಳೆ ಉತ್ತರ ಅಂದ್ರೆ "ಜಾಗ ಬದಲಾಯಿಸ್ತೀವಿ, ಇಲ್ಲಾಂದ್ರೆ ಟ್ರಿಪ್ ರದ್ದು ಮಾಡ್ತೀವಿ." "ಏನೂ ಆಗಲ್ಲ ಬನ್ನಿ" ಅಂದೋನ ದೋಣಿ ಹತ್ತಬೇಡಿ.

ಈಜು ವಿಷಯ. ಜಾಕೆಟ್ ದೇಹವನ್ನ ತೇಲಿಸುತ್ತೆ, ಗಾಬರಿಯನ್ನ ತಡೆಯಲ್ಲ. ಈಜು ಬಾರದವರಿಗೆ ತೊಂದರೆ ಶುರುವಾಗೋದು ಮುಳುಗೋದ್ರಿಂದ ಅಲ್ಲ, ಮಾಸ್ಕ್ ಒಳಗೆ ಒಂದು ಚಮಚ ನೀರು ಬರೋದ್ರಿಂದ. ಮೂಗಿಗೆ ಉಪ್ಪುನೀರು ತಾಗಿದ ತಕ್ಷಣ ಮನುಷ್ಯ ಮಾಸ್ಕ್ ಕಿತ್ತೆಸೀತಾನೆ, ನೆಟ್ಟಗೆ ನಿಲ್ಲೋಕೆ ನೋಡ್ತಾನೆ, ಕಾಲಿಗೆ ನೆಲ ಸಿಗಲ್ಲ, ಒದ್ದಾಡ್ತಾನೆ. ಅದಕ್ಕೇ ಯಜಮಾನರಿಗೆ ಹೋಗೋ ಮುಂಚೆ ಸೊಂಟದಷ್ಟು ನೀರಲ್ಲಿ ನಿಲ್ಲಿಸಿ ಅಭ್ಯಾಸ ಮಾಡಿಸಿ. ಮಾಸ್ಕ್ ಹಾಕಿ, ಮುಖ ನೀರಲ್ಲಿಟ್ಟು, ಬಾಯಲ್ಲಿ ನಿಧಾನಕ್ಕೆ ಉಸಿರು. ಆಮೇಲೆ ಬೇಕಂತಲೇ ಮಾಸ್ಕ್ ಒಳಗೆ ಸ್ವಲ್ಪ ನೀರು ಬಿಟ್ಕೊಂಡು, ತಲೆ ಎತ್ತಿ, ಕೆಳ ಅಂಚು ಎಳೆದು ಖಾಲಿ ಮಾಡೋದು. ಇದನ್ನ ನಗ್ತಾ ಮಾಡೋ ಹಾಗೆ ಆದ್ರೆ ದೋಣಿ ಹತ್ತಬಹುದು.

ಇನ್ನೊಂದು ಕೇಳಿ: ಗೈಡ್ ತೇಲುಬಳೆ, ಅಂದ್ರೆ ಆ ಕಿತ್ತಳೆ ಬಣ್ಣದ ಲೈಫ್ ರಿಂಗ್, ಎಳ್ಕೊಂಡು ಹೋಗ್ತಾನಾ ಅಂತ. ಅಮ್ಮ, ಯಜಮಾನರು ಇಬ್ಬರೂ ಅದನ್ನ ಹಿಡ್ಕೊಂಡು ಮುಖ ಕೆಳಗೆ ಹಾಕಿದ್ರೆ ಸಾಕು, ಕಾಲು ಆಡಿಸೋದೂ ಬೇಡ. ನನ್ನ ಪ್ರಕಾರ ಈಜು ಬಾರದವರು ಇಂಥ ಟ್ರಿಪ್‌ಗೆ ಹೋಗಬಹುದು, ಆದ್ರೆ ತೇಲುಬಳೆ ಹಿಡಿಯೋ ಗೈಡ್ ಇದ್ರೆ ಮಾತ್ರ.

ಸಂಜೆ_ಕ್ಲಿನಿಕ್

ನಾನು ವೈದ್ಯ. ಅಮ್ಮನವರ ವಿಷಯದಲ್ಲಿ ಎರಡು ಮಾತು.

ಬಿಪಿ ಹತೋಟಿಯಲ್ಲಿದ್ದು, ಎರಡು ಮಹಡಿ ಮೆಟ್ಟಿಲನ್ನ ಏದುಸಿರಿಲ್ಲದೆ ಹತ್ತುತ್ತಾರೆ ಅಂದ್ರೆ ಸಾಮಾನ್ಯವಾಗಿ ಚಿಂತೆ ಇಲ್ಲ. ಆದರೂ ಅವರನ್ನು ನೋಡುವ ವೈದ್ಯರ ಹತ್ತಿರ "ಸಮುದ್ರದಲ್ಲಿ ತೇಲುವುದಕ್ಕೆ ಹೋಗ್ತಿದ್ದೀನಿ" ಅಂತ ಹೇಳಿಯೇ ಹೋಗಲಿ. ಅವತ್ತು ಮಾತ್ರೆ ಬಿಡಬಾರದು. ಕತ್ತಿನವರೆಗೆ ನೀರಲ್ಲಿ ಇಳಿದಾಗ ಕಾಲಿನ ರಕ್ತ ಎದೆಯ ಕಡೆಗೆ ಸರಿಯುತ್ತದೆ, ಹೃದಯಕ್ಕೆ ಕೆಲಸ ಜಾಸ್ತಿಯಾಗುತ್ತದೆ. ನೀರಿಗಿಳಿದ ಸ್ವಲ್ಪ ಹೊತ್ತಿಗೇ ಮೂತ್ರಕ್ಕೆ ಅವಸರವಾಗುವುದೂ ಇದೇ ಕಾರಣಕ್ಕೆ. ತಣ್ಣೀರು, ಗಾಬರಿ, ನೀರಿನ ಸೆಳೆತದ ವಿರುದ್ಧ ಕಾಲು ಒದೆಯುವುದು, ಇವೆಲ್ಲ ಸೇರಿದಾಗಲೇ ಸಮಸ್ಯೆ. ಸ್ನಾರ್ಕೆಲಿಂಗ್‌ನಲ್ಲಿ ಸಾಯುವವರಲ್ಲಿ ಹೃದಯದ ತೊಂದರೆ ಇದ್ದ ಹಿರಿಯರು ಹೆಚ್ಚು. ಎಷ್ಟೋ ಸಲ ಒಂದು ಕೂಗೂ ಇಲ್ಲದೆ, ಮುಖ ಕೆಳಗೆ ಮಾಡಿ ತೇಲುತ್ತಿದ್ದ ಹಾಗೆಯೇ ಆಗಿಬಿಡುತ್ತದೆ. ನೋಡುವವರಿಗೆ ಮೀನು ನೋಡ್ತಿದ್ದಾರೆ ಅನ್ನಿಸುತ್ತದೆ. ಆದ್ದರಿಂದ ಕಡಲಹಕ್ಕಿ ಅವರು ಹೇಳಿದ ಕಾವಲುಗಾರನ ವಿಷಯ ತುಂಬ ಮುಖ್ಯ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ದೋಣಿ ಹತ್ತುವ ಮುಂಚೆ ಆರೋಗ್ಯದ ಫಾರ್ಮ್ ತುಂಬಿಸಿ, ಅಪಾಯ ಹೆಚ್ಚಿರುವವರಿಗೆ ತೇಲುಸಾಧನ ಕಡ್ಡಾಯವಾಗಿ ಕೊಡುತ್ತಾರೆ. ನಿಮ್ಮ ದೋಣಿಯವರು ಅಂಥ ಫಾರ್ಮ್ ಕೊಟ್ಟರೆ ಬೇಜಾರು ಮಾಡಿಕೊಳ್ಳದೆ ನಿಜ ಬರೆಯಿರಿ.

ಮುಖಪೂರ್ತಿ ಮುಚ್ಚುವ ಮಾಸ್ಕ್ ನಾನು ಶಿಫಾರಸು ಮಾಡುವುದಿಲ್ಲ. ಒಳಗಿನ ಖಾಲಿ ಜಾಗ ದೊಡ್ಡದು. ಕವಾಟ ಸರಿಯಿಲ್ಲದ ಅಗ್ಗದ ಮಾಸ್ಕ್‌ನಲ್ಲಿ ನಾವು ಬಿಟ್ಟ ಇಂಗಾಲದ ಡೈಆಕ್ಸೈಡನ್ನೇ ಮತ್ತೆ ಒಳಗೆಳೆದುಕೊಳ್ಳುವ ಸಾಧ್ಯತೆ ಇದೆ. ತಲೆ ಭಾರ, ಏದುಸಿರು ಬಂದಾಗ ಅದನ್ನು ತಟ್ಟನೆ ತೆಗೆಯುವುದೂ ಕಷ್ಟ, ಪಟ್ಟಿ ತಲೆಯ ಹಿಂದೆ ಇರುತ್ತದೆ. ಸಾದಾ ಮಾಸ್ಕ್, ಸಾದಾ ಕೊಳವೆ ಸಾಕು. ಉಸಿರು ಕಟ್ಟಿದ ಹಾಗೆ ಅನ್ನಿಸಿದ ಕ್ಷಣ ಕೊಳವೆ ಉಗಿದು, ಮಲಗಿಕೊಂಡ ಹಾಗೆ ಬೆನ್ನ ಮೇಲೆ ತಿರುಗಿ ಕೈ ಬೀಸಬೇಕು. ಇದನ್ನು ಅಮ್ಮನಿಗೆ ಮನೆಯಲ್ಲೇ ಹೇಳಿಕೊಡಿ.

ತರಲೆ_ತಿಮ್ಮ

ಡಾಕ್ಟ್ರೇ, ಒಂದು ಅನುಮಾನ. ಕೊಳವೆ ಯಾಕೆ ಅಷ್ಟು ಚಿಕ್ಕದು? ಎರಡು ಮೀಟರ್ ಪೈಪ್ ಇಟ್ಕೊಂಡ್ರೆ ಕೆಳಗೇ ಕೂತ್ಕೊಂಡು ಆರಾಮಾಗಿ ಮೀನು ನೋಡಬಹುದಲ್ಲ?

ಸಂಜೆ_ಕ್ಲಿನಿಕ್

ತಮಾಷೆಗೆ ಕೇಳಿದ್ರೂ ಪ್ರಶ್ನೆ ಒಳ್ಳೆಯದೇ. ಒಂದು ಮೀಟರ್ ಆಳದಲ್ಲೇ ನೀರು ಎದೆಯನ್ನು ವಾಯುಮಂಡಲದ ಒತ್ತಡದ ಹತ್ತನೇ ಒಂದು ಭಾಗದಷ್ಟು ಹೆಚ್ಚುವರಿಯಾಗಿ ಒತ್ತುತ್ತದೆ. ಪೈಪಿನೊಳಗಿನ ಗಾಳಿ ಮಾತ್ರ ಮೇಲಿನ ಒತ್ತಡದಲ್ಲೇ ಇರುತ್ತದೆ. ಆ ವ್ಯತ್ಯಾಸದ ವಿರುದ್ಧ ನಮ್ಮ ಎದೆಯ ಸ್ನಾಯು ಹೆಚ್ಚು ಹೊತ್ತು ಗಾಳಿ ಎಳೆಯಲಾರದು. ಜೊತೆಗೆ ಉದ್ದ ಪೈಪ್ ಅಂದ್ರೆ ಬಿಟ್ಟ ಉಸಿರು ಹೊರಗೆ ಹೋಗುವುದೇ ಇಲ್ಲ, ಅದನ್ನೇ ಮತ್ತೆ ಕುಡಿಯಬೇಕು. ಅದಕ್ಕೇ ಕೊಳವೆ ಸುಮಾರು 40 ಸೆಂಟಿಮೀಟರ್ ಒಳಗೇ ಇರುತ್ತದೆ.

ಹವಳದ_ಹುಚ್ಚಿ

ಏನು ಕಾಣುತ್ತೆ ಅನ್ನೋ ಪ್ರಶ್ನೆ ನನಗಿರಲಿ. ಸಾಗರಜೀವಿಗಳ ಬಗ್ಗೆ ಓದ್ತಾ ಇರೋಳು ನಾನು, ಉದ್ದ ಆದ್ರೆ ಸಹಿಸ್ಕೊಳ್ಳಿ.

ಮೊದಲು ಒಂದು ನಿರೀಕ್ಷೆ ಸರಿಮಾಡ್ತೀನಿ. ಜಾಹೀರಾತಿನ ಫೋಟೋದಲ್ಲಿರೋ ಕೆಂಪು, ಕೇಸರಿ ಬಣ್ಣ ನಿಮಗೆ ಕಾಣಲ್ಲ. ನೀರು ಬೆಳಕಿನಲ್ಲಿ ಮೊದಲು ನುಂಗೋದೇ ಕೆಂಪನ್ನ. ನಾಲ್ಕೈದು ಮೀಟರ್ ಕೆಳಗಿರೋ ಕೆಂಪು ಮೀನು ಮೇಲಿಂದ ನೋಡಿದ್ರೆ ಕಂದು. ಆ ಫೋಟೋಗಳನ್ನ ಲೈಟ್ ಹಾಕಿ ತೆಗೆದಿರ್ತಾರೆ, ಇಲ್ಲಾ ಆಮೇಲೆ ಬಣ್ಣ ತಿದ್ದಿರ್ತಾರೆ. ಅದೂ ಅಲ್ದೆ ಮಾಸ್ಕ್ ಗಾಜಿನಲ್ಲಿ ಎಲ್ಲಾ ಮೂರನೇ ಒಂದು ಭಾಗದಷ್ಟು ದೊಡ್ಡದಾಗಿ, ಹತ್ತಿರದಲ್ಲಿದ್ದ ಹಾಗೆ ಕಾಣುತ್ತೆ. "ಮೂರು ಮೀಟರ್ ಶಾರ್ಕ್ ನೋಡ್ದೆ" ಅನ್ನೋರ ಮಾತಲ್ಲಿ ಅಷ್ಟನ್ನ ಕಳೆದುಕೊಳ್ಳಿ.

ಹವಳ ಗಿಡವೂ ಅಲ್ಲ, ಕಲ್ಲೂ ಅಲ್ಲ. ಸಣ್ಣ ಸಣ್ಣ ಪ್ರಾಣಿಗಳ ಕಾಲೊನಿ. ಅವುಗಳ ಮೈಯೊಳಗೆ ಪಾಚಿಯ ಜಾತಿಯ ಏಕಕೋಶ ಜೀವಿಗಳು ಬಾಡಿಗೆಗಿರುತ್ವೆ, ಬಿಸಿಲಿಂದ ಆಹಾರ ಮಾಡಿ ಮನೆಯವರಿಗೂ ಕೊಡುತ್ವೆ. ಹವಳದ ಬಣ್ಣದ ಬಹುಪಾಲು ಇವುಗಳದೇ. ಸಮುದ್ರ ತೀರಾ ಬಿಸಿಯಾದ್ರೆ ಹವಳ ಈ ಬಾಡಿಗೆದಾರರನ್ನ ಆಚೆ ಹಾಕುತ್ತೆ, ಬೆಳ್ಳಗಾಗುತ್ತೆ. ಬೆಳ್ಳಗಿದೆ ಅಂದ್ರೆ ಸತ್ತಿದೆ ಅಂತಲ್ಲ, ಹಸಿದಿದೆ. ಬಿಸಿ ಬೇಗ ಇಳಿದ್ರೆ ಚೇತರಿಸ್ಕೊಳ್ಳುತ್ತೆ. ಇಳೀಲಿಲ್ಲ ಅಂದ್ರೆ ಮೇಲೆ ಕಂದು ಪಾಚಿ ಕೂರುತ್ತೆ, ಅದು ಸಾವು. 2023ರಿಂದ ಪ್ರಪಂಚದಾದ್ಯಂತ ಹವಳ ಬಿಳಿಚಿಕೊಳ್ತಾ ಇರೋದನ್ನ 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ನಾಲ್ಕನೇ ಜಾಗತಿಕ ಘಟನೆ ಅಂತ ಘೋಷಿಸಿದ್ರು. ನೀವು ಹೋಗೋ ಕಡೆ ಹೇಗಿದೆಯೋ, ದೋಣಿಯವರನ್ನ ನೇರವಾಗಿ ಕೇಳಿ. ಹೇಳೋಕೆ ಹಿಂಜರಿದ್ರೆ ಅದೇ ಒಂದು ಉತ್ತರ.

ಈಗ ಮೀನು. ನೀರಲ್ಲಿ ಕಿವಿ ಮುಳುಗಿದ ಕೂಡಲೇ ಒಣಕಡ್ಡಿ ಬೆಂಕಿಯಲ್ಲಿ ಸಿಡಿದ ಹಾಗೆ ಚಟಪಟ ಸದ್ದು ಕೇಳುತ್ತೆ. ಕಿವಿಗೆ ಏನೋ ಆಯ್ತು ಅಂತ ಎಷ್ಟೋ ಜನ ತಲೆ ಎತ್ತಿಬಿಡ್ತಾರೆ. ಅದು ಬಂಡೆಸಂದಿಯಲ್ಲಿರೋ ಬೆರಳುದ್ದದ ಸೀಗಡಿಗಳ ಸದ್ದು. ಇಕ್ಕಳದಂಥ ಒಂದು ಕೊಂಡಿಯನ್ನ ಎಷ್ಟು ವೇಗವಾಗಿ ಮುಚ್ಚುತ್ವೆ ಅಂದ್ರೆ ನೀರಲ್ಲಿ ಗುಳ್ಳೆ ಹುಟ್ಟಿ ಒಡೆಯುತ್ತೆ, ಆ ಒಡೆತದ ಸದ್ದೇ ಇದು. ಅದರ ಮಧ್ಯೆ ಕರಕರ ಅಂತ ಕೆರೆಯೋ ಸದ್ದು ಬಂದ್ರೆ ಅದು ಗಿಳಿಮೀನು. ಗಿಳಿಯ ಕೊಕ್ಕಿನಂಥ ಹಲ್ಲಿಂದ ಬಂಡೆ ಕೆರೆದು ಪಾಚಿ ತಿನ್ನುತ್ತೆ, ಜೊತೆಗೆ ಹೋದ ಸುಣ್ಣವನ್ನ ಹಿಂದಿನಿಂದ ಮರಳಾಗಿ ಬಿಡುತ್ತೆ. ದೊಡ್ಡ ಗಿಳಿಮೀನೊಂದು ವರ್ಷಕ್ಕೆ ನೂರಾರು ಕಿಲೋ ಮರಳು ಮಾಡುತ್ತೆ. ಹವಳದ ದ್ವೀಪಗಳ ಬಿಳಿ ಮರಳಲ್ಲಿ ಇದರ ಪಾಲು ದೊಡ್ಡದು. ಮಗಳಿಗೆ ಇದನ್ನ ಹೇಳಿ ನೋಡಿ, ಮರಳಲ್ಲಿ ಕೂರೋಕೇ ಒಪ್ಪಲ್ಲ.

ನೀಲಿ ಮೈಗೆ ಕಪ್ಪು ಪಟ್ಟೆ ಎಳೆದ ಬೆರಳುದ್ದದ ಮೀನೊಂದು ಒಂದೇ ಬಂಡೆ ಮುಂದೆ ಮೇಲೆ ಕೆಳಗೆ ಕುಣೀತಾ ಇದ್ರೆ ಅಲ್ಲೇ ನಿಲ್ಲಿ. ಅದು ಕ್ಲೀನರ್ ರಾಸ್, ಆ ಬಂಡೆ ಅದರ ಅಂಗಡಿ. ದೊಡ್ಡ ಮೀನುಗಳು ಬಂದು ಬಾಯಿ, ಕಿವಿರು ಅಗಲಿಸ್ಕೊಂಡು ನಿಲ್ಲುತ್ವೆ, ಇದು ಒಳಗೆ ಹೋಗಿ ಪರೋಪಜೀವಿ ಹೆಕ್ಕಿ ತಿನ್ನುತ್ತೆ. 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇದೇ ಮೀನು ಕನ್ನಡಿಯಲ್ಲಿ ತನ್ನ ಕತ್ತಿನ ಗುರುತು ನೋಡಿ ಅದನ್ನ ಉಜ್ಜಿ ತೆಗೆಯೋಕೆ ಹೋಯ್ತು. ಅದು ತನ್ನನ್ನೇ ಗುರುತು ಹಿಡೀತು ಅಂತ ಅರ್ಥಾನಾ, ಅಲ್ವಾ ಅಂತ ಇನ್ನೂ ಜಗಳ ನಡೀತಿದೆ.

ಕ್ಲೌನ್ ಮೀನು ಎಲ್ಲರಿಗೂ ಗೊತ್ತು, ಅನಿಮೋನ್ ಅನ್ನೋ ಹೂವಿನಂಥ ಪ್ರಾಣಿಯ ಮಧ್ಯೆ ಇರುತ್ತೆ. ಗುಂಪಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣು. ಅದು ಸತ್ರೆ ಅದರ ಗಂಡನೇ ಹೆಣ್ಣಾಗುತ್ತೆ.

ಮೋರೆ ಈಲ್ ಅಂತ ಹಾವಿನಂಥದ್ದು ಬಂಡೆಸಂದಿಯಿಂದ ತಲೆ ಹಾಕಿ ಬಾಯಿ ತೆಗೆದು ಮುಚ್ಚಿ ಮಾಡ್ತಿರುತ್ತೆ. ಹೆದರಿಸ್ತಿಲ್ಲ, ಉಸಿರಾಡ್ತಿದೆ. ಸಂದಿಗೆ ಕೈ ಹಾಕದಿದ್ರೆ ಅದರ ಪಾಡಿಗೆ ಅದು.

ಹೆದರ್ಬೇಕಾದ ಮೀನು ಬೇರೆ ಇದೆ, ಟೈಟನ್ ಟ್ರಿಗರ್ ಫಿಶ್. ಗೂಡು ಕಾಯೋ ಕಾಲದಲ್ಲಿ ಗೂಡಿನ ಮೇಲಿನ ಪೂರ್ತಿ ನೀರು ತನ್ನದು ಅನ್ನುತ್ತೆ, ಮೇಲಕ್ಕೆ ಹೋದಷ್ಟೂ ಅದರ ಜಾಗ ಅಗಲ ಆಗುತ್ತೆ. ಅಟ್ಟಿಸ್ಕೊಂಡು ಬಂದ್ರೆ ಅಡ್ಡಕ್ಕೆ ದೂರ ಹೋಗ್ಬೇಕು.

ಚಷ್ಮಾ_ಸುರೇಶ

ಒಳ್ಳೆ ಮಾಹಿತಿ. ನಂದು ಸಣ್ಣ ಸಮಸ್ಯೆ. ನನ್ನ ಕನ್ನಡಕ ಮೈನಸ್ 5. ಮಾಸ್ಕ್ ಒಳಗೆ ಕನ್ನಡಕ ಕೂರಲ್ಲ. ಏನ್ಮಾಡ್ಲಿ? ಮೀಸೆನೂ ಇದೆ, ನೀರು ಒಳಗೆ ಬರುತ್ತಂತೆ ಹೌದಾ?

ಕಡಲಹಕ್ಕಿ

ಪವರ್ ಗಾಜಿನ ಮಾಸ್ಕ್ ಸಿಗುತ್ತೆ, ಅರ್ಧ ಅರ್ಧ ಪವರ್ ಅಂತರದಲ್ಲಿ. ನೀರಲ್ಲಿ ಎಲ್ಲಾ ಹತ್ತಿರ ಕಾಣೋದ್ರಿಂದ ಪವರ್ ಸ್ವಲ್ಪ ಕಮ್ಮಿ ಇದ್ರೂ ನಡೆಯುತ್ತೆ. ಕಾಂಟ್ಯಾಕ್ಟ್ ಲೆನ್ಸ್ ಹಾಕಿ ಹೋದ್ರೂ ಸರಿ, ಮಾಸ್ಕ್‌ಗೆ ನೀರು ಬಂದಾಗ ಮಾತ್ರ ಕಣ್ಣು ಗಟ್ಟಿ ಮುಚ್ಚಿ. ಈಜುಕೊಳದ ಕನ್ನಡಕ ಬೇಡ, ಅದರಲ್ಲಿ ಮೂಗು ಹೊರಗಿರುತ್ತೆ, ಕೆಳಗೆ ಮುಳುಗಿದ್ರೆ ಕಣ್ಣಿಗೆ ಒತ್ತುತ್ತೆ.

ಮೀಸೆ ಪೂರ್ತಿ ಬೋಳಿಸೋದು ಬೇಡ, ಮೂಗಿನ ಕೆಳಗೆ ಮಾಸ್ಕಿನ ರಬ್ಬರ್ ಕೂರೋ ಜಾಗದಲ್ಲಿ ಒಂದು ಗೆರೆಯಷ್ಟು ಕತ್ತರಿಸಿ. ಮಾಸ್ಕ್ ಆರಿಸೋದು ಹೀಗೆ: ಪಟ್ಟಿ ಹಾಕದೆ ಮುಖಕ್ಕೆ ಇಟ್ಟು ಮೂಗಲ್ಲಿ ಮೆಲ್ಲಗೆ ಗಾಳಿ ಎಳೀರಿ, ಕೈ ಬಿಡಿ. ಬೀಳದೆ ನಿಂತ್ರೆ ಅದು ನಿಮ್ಮ ಮುಖದ್ದು. ಸೋರುತ್ತೆ ಅಂತ ಪಟ್ಟಿ ಬಿಗಿದ್ರೆ ಇನ್ನೂ ಜಾಸ್ತಿ ಸೋರುತ್ತೆ. ಹೊಸ ಮಾಸ್ಕಿನ ಗಾಜಿಗೆ ಕಾರ್ಖಾನೆಯ ಜಿಡ್ಡು ಇರುತ್ತೆ, ಬಿಳಿ ಟೂತ್‌ಪೇಸ್ಟಿಂದ ಒಳಗೆ ಚೆನ್ನಾಗಿ ಉಜ್ಜಿ ತೊಳೀಬೇಕು, ಇಲ್ಲಾಂದ್ರೆ ಏನೇ ಮಾಡಿದ್ರೂ ಮಂಜು ಕಟ್ಟುತ್ತೆ. ಆಮೇಲೆ ಪ್ರತಿ ಸಲ ಇಳಿಯೋ ಮುಂಚೆ ಒಂದು ಹನಿ ಮಕ್ಕಳ ಶಾಂಪೂ, ಇಲ್ಲಾ ಎಂಜಲು.

ತರಲೆ_ತಿಮ್ಮ

ಎಂಜಲಾ! ಬಾಡಿಗೆ ಮಾಸ್ಕಲ್ಲಿ ನನಗಿಂತ ಮುಂಚೆ ಯಾರ್ಯಾರು ಉಗಿದಿರ್ತಾರೋ ದೇವರೇ ಬಲ್ಲ.

ಕಡಲಹಕ್ಕಿ

ಅದಕ್ಕೇ ಮಾಸ್ಕ್ ಒಂದನ್ನಾದ್ರೂ ಸ್ವಂತದ್ದು ಇಟ್ಕೊಳ್ಳಿ ಅನ್ನೋದು :)

ಪ್ರವಾಸಿ_ಪ್ರಸನ್ನ

ಎಲ್ಲಾ ಸರಿ, ಆದ್ರೆ ಬ್ರೆಡ್ ಹಾಕೋದ್ರಲ್ಲಿ ಏನು ತಪ್ಪು? ನಾವು ಹೋದಲ್ಲಿ ಗೈಡೇ ಕೊಟ್ಟ. ಮೀನುಗಳು ಖುಷಿಯಾಗೇ ತಿಂದ್ವು. ಸಮುದ್ರದಲ್ಲಿ ಎರಡು ತುಂಡು ಬ್ರೆಡ್ ಯಾವ ಲೆಕ್ಕ? ಎಲ್ಲದಕ್ಕೂ ಮಾಡಬಾರದು ಮುಟ್ಟಬಾರದು ಅಂದ್ರೆ ಮನೇಲೇ ಟಿವಿ ನೋಡ್ಬೇಕಾಗುತ್ತೆ.

ಹವಳದ_ಹುಚ್ಚಿ

ಪ್ರಸನ್ನ ಸರ್, ಎರಡು ತುಂಡು ನಿಮ್ಮದು. ಅದೇ ಜಾಗಕ್ಕೆ ದಿನಾ ಎಷ್ಟು ದೋಣಿ, ಪ್ರತಿ ದೋಣಿಯಲ್ಲಿ ಎಷ್ಟು ಜನ? ಪಾಚಿ ಮೇಯೋ ಮೀನು ಬ್ರೆಡ್ಡಿಗೆ ಕಾಯ್ತಾ ಕೂತ್ರೆ ಹವಳದ ಮೇಲಿನ ಪಾಚಿ ಯಾರು ತಿನ್ನೋದು? ಪಾಚಿ ಬೆಳೆದಷ್ಟೂ ಮರಿ ಹವಳಕ್ಕೆ ಅಂಟಿಕೊಳ್ಳೋ ಜಾಗ ಇಲ್ಲ. ಇನ್ನೊಂದು, ಹಾಗೆ ಅಭ್ಯಾಸ ಆದ ಮೀನುಗಳು ಖಾಲಿ ಕೈ ಕಂಡ್ರೂ ಕಚ್ಚೋಕೆ ಬರುತ್ವೆ. ಎಷ್ಟೋ ಸಾಗರ ಉದ್ಯಾನಗಳಲ್ಲಿ ಮೀನಿಗೆ ತಿನ್ನಿಸೋದನ್ನ ನಿಷೇಧಿಸಿರೋದು ಸುಮ್ಮನೆ ಅಲ್ಲ.

ಕೊಟ್ಟಿದ್ದು ಗೈಡೇ ಅಂದ್ರಲ್ಲ, ಕೋಪ ಬರೋದೇ ಅದಕ್ಕೆ. ಬ್ರೆಡ್ ಹಾಕಿ ಮೀನು ತೋರ್ಸೋನಿಗೆ ಮೀನು ಹುಡುಕೋಕೆ ಬರಲ್ಲ ಅಂತ ಅರ್ಥ.

ಕಡಲಹಕ್ಕಿ

ಹುಚ್ಚಿ ಕೊನೇ ಸಾಲಲ್ಲಿ ಹೇಳಿದ್ದಕ್ಕೆ ನನ್ನ ಸಹಿ ಇದೆ. ಒಳ್ಳೆ ಗೈಡ್‌ನ ನೀರಿಗಿಳಿಯೋ ಮುಂಚೆಯೇ ಗುರುತಿಸಬಹುದು. ಲಂಗರು ಹವಳದ ಮೇಲೆ ಎಸೀತಾನಾ, ಇಲ್ಲಾ ಮೊದಲೇ ಕಟ್ಟಿಟ್ಟಿರೋ ಬೋಯಾಗೆ, ಅಂದ್ರೆ ನೀರ ಮೇಲೆ ತೇಲೋ ಬುರುಡೆಗೆ, ಹಗ್ಗ ಹಾಕ್ತಾನಾ ನೋಡಿ. ನೀರು ಯಾವ ಕಡೆ ಹರೀತಿದೆ ಅಂತ ಒಂದು ನಿಮಿಷ ನೋಡ್ತಾನೆ. ಗುಂಪನ್ನ ಮೊದಲು ಸೆಳೆತದ ಎದುರು ಕರ್ಕೊಂಡು ಹೋಗಿ, ಸುಸ್ತಾಗೋ ಹೊತ್ತಿಗೆ ಅದೇ ಸೆಳೆತದಲ್ಲಿ ದೋಣಿ ಕಡೆಗೆ ತೇಲಿಸ್ಕೊಂಡು ಬರ್ತಾನೆ. ಸನ್ನೆ ಹೇಳಿಕೊಡ್ತಾನೆ: ಅಂಗೈ ತಲೆ ಮೇಲಿಟ್ರೆ "ಚೆನ್ನಾಗಿದ್ದೀನಿ", ಕೈ ಬೀಸಿದ್ರೆ "ಬೇಗ ಬನ್ನಿ". ಅದಕ್ಕೇ ಸುಮ್ಮನೆ ಫೋಟೋಗೆ ಕೈ ಬೀಸಬಾರದು. ನೀರಲ್ಲಿ ಅವನು ವೇಗವಾಗಿ ಈಜೋದೇ ಇಲ್ಲ. ಒಂದು ಬಂಡೆ ಸುತ್ತ ಹತ್ತು ನಿಮಿಷ ನಿಲ್ಲಿಸ್ತಾನೆ. ಮೊದಲ ಎರಡು ನಿಮಿಷ ಏನೂ ಕಾಣಲ್ಲ, ನಮ್ಮ ಕಾಲಾಟಕ್ಕೆ ಎಲ್ಲಾ ಒಳಗೆ ಹೊಕ್ಕಿರುತ್ವೆ. ಕಾಲು ನಿಂತ ಮೇಲೆ ಒಂದೊಂದೇ ಹೊರಗೆ ಬರುತ್ವೆ. ಕಲ್ಲು ಅಂತ ಅಂದ್ಕೊಂಡಿದ್ದು ಕಣ್ಣು ಹೊರಳಿಸುತ್ತೆ, ನೋಡಿದ್ರೆ ಆಕ್ಟೋಪಸ್.

ಆಮೆ ಅಥವಾ ದೊಡ್ಡ ಮೀನು ಕಂಡಾಗ "ಫಾಲೋ ಮಿ" ಅಂತ ಬೆನ್ನಟ್ಟಿಸೋನು ಕೆಟ್ಟ ಗೈಡ್. ಆಮೆ ಮೇಲೆ ಬರೋದು ಉಸಿರಿಗೆ, ಅದರ ತಲೆಯ ಮೇಲೆ ಜನ ಮುತ್ಕೊಂಡ್ರೆ ಪಾಪ ಮತ್ತೆ ಕೆಳಗೆ ಹೋಗುತ್ತೆ. ತಿಮಿಂಗಿಲ ಶಾರ್ಕ್ ಜೊತೆ ಈಜಿಸೋ ಆಸ್ಟ್ರೇಲಿಯಾದ ನಿಂಗಲೂನಲ್ಲಿ ಮೈಯಿಂದ 3 ಮೀಟರ್, ಬಾಲದಿಂದ 4 ಮೀಟರ್ ದೂರ, ಒಂದು ಸಲಕ್ಕೆ 10 ಜನ ಮಾತ್ರ ಅನ್ನೋ ನಿಯಮ ಇದೆ. ಆಮೆಗೂ ಅಷ್ಟೇ ಅಂತರ ಇಟ್ಕೊಂಡ್ರೆ ಒಳ್ಳೇದು.

ಸಂಜೆ_ಕ್ಲಿನಿಕ್

ಮುಟ್ಟಬಾರದ್ದರ ಬಗ್ಗೆ ಚಿಕ್ಕದಾಗಿ ಸೇರಿಸುತ್ತೇನೆ. ಸುಂದರವಾದ ಶಂಕುವಿನಾಕಾರದ ಚಿಪ್ಪು ಕಂಡರೆ ಹೆಕ್ಕಬೇಡಿ. ಕೋನ್ ಸ್ನೇಲ್ ಅನ್ನುವ ವಿಷದ ಬಸವನಹುಳು ಒಳಗಿದ್ದರೆ ಚುಚ್ಚುತ್ತದೆ, ಆ ವಿಷಕ್ಕೆ ಪ್ರತಿವಿಷ ಇಲ್ಲ. ಕಲ್ಲುಮೀನು, ಲಯನ್ ಫಿಶ್ ಮುಳ್ಳು ಚುಚ್ಚಿದರೆ, ಚರ್ಮ ಸುಡದ ಮಟ್ಟಿಗೆ ಬಿಸಿ ಇರುವ (ಸುಮಾರು 45 ಡಿಗ್ರಿ) ನೀರಲ್ಲಿ ಗಾಯ ಅದ್ದಿಡಬೇಕು, ಅಷ್ಟರಲ್ಲಿ ಆಸ್ಪತ್ರೆಗೆ ಹೊರಡಬೇಕು. ಬಿಸಿ ಎಷ್ಟಿದೆ ಅಂತ ನೋವಿಲ್ಲದ ಕೈಯಿಂದ ಮೊದಲು ನೋಡಿ. ಲೋಳೆಮೀನು ತಾಗಿದ ಜಾಗವನ್ನು ಉಜ್ಜಬೇಡಿ, ಮೂತ್ರ ಹಾಕುವ ಮಾತು ಬರೀ ಕಟ್ಟುಕಥೆ. ಬಾಕ್ಸ್ ಜೆಲ್ಲಿಫಿಶ್ ಅನ್ನುವ ಕಡುವಿಷದ ಲೋಳೆಮೀನು ಇರುವ ಸಮುದ್ರದಲ್ಲಿ ದೋಣಿಯಲ್ಲಿ ವಿನೆಗರ್ ಇದೆಯಾ ಅಂತ ಕೇಳಿಯೇ ಹೊರಡಿ.

ದೋಣಿಯಲ್ಲಿ ವಾಂತಿ ಬರುವವರು ಮಾತ್ರೆಯನ್ನು ಹೊರಡುವ ಮುಂಚೆಯೇ ತಗೊಳ್ಳಬೇಕು, ಹೊಟ್ಟೆ ತೊಳೆಸಲು ಶುರುವಾದ ಮೇಲೆ ಅದು ಒಳಗೆ ನಿಲ್ಲುವುದಿಲ್ಲ. ಕೆಲವು ಮಾತ್ರೆಗೆ ನಿದ್ದೆ ಬರುತ್ತದೆ, ನಿದ್ದೆಗಣ್ಣಲ್ಲಿ ನೀರಿಗಿಳಿಯಬಾರದು. ಹಿಂದಿನ ದಿನ ಮನೆಯಲ್ಲೇ ಒಂದು ತಗೊಂಡು ನೋಡಿ.

ಹವಳದ_ಹುಚ್ಚಿ

ಸನ್‌ಸ್ಕ್ರೀನ್ ಮರೆತೆ. ಹವಳಕ್ಕೆ ಹಾನಿ ಅಂತ ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಅನ್ನೋ ರಾಸಾಯನಿಕ ಇರೋ ಕ್ರೀಮ್ ಮಾರಾಟವನ್ನ ಹವಾಯಿ 2021ರ ಜನವರಿಯಿಂದ ನಿಲ್ಲಿಸಿದೆ, ಪಲಾವ್ ದೇಶ 2020ರಿಂದಲೇ ನಿಷೇಧ ತಂದಿದೆ. ಅದಕ್ಕಿಂತ ಸುಲಭ ದಾರಿ ಅಂದ್ರೆ ಪೂರ್ತಿ ತೋಳಿನ ಈಜು ಅಂಗಿ, ಉದ್ದ ಪ್ಯಾಂಟ್. ಮುಖ ಕೆಳಗೆ ಹಾಕಿ ತೇಲೋರಿಗೆ ಸುಡೋದು ಬೆನ್ನು, ಮೊಣಕಾಲ ಹಿಂಭಾಗ. ಅದಕ್ಕೆ ಬಟ್ಟೆಗಿಂತ ಒಳ್ಳೆ ಕ್ರೀಮ್ ಇಲ್ಲ.

ವೀಣಾ_ಎಚ್

ನಮಸ್ಕಾರ, ಹೋಗಿ ಬಂದ್ವಿ. ಇಲ್ಲಿ ಹೇಳಿದ್ದನ್ನೆಲ್ಲ ಬರ್ಕೊಂಡೇ ಹೋಗಿದ್ದೆ, ಆದ್ದರಿಂದ ವರದಿ ಒಪ್ಪಿಸ್ತೀನಿ.

ಮೊದಲು ನೋಡಿದ್ದ ಜಾಹೀರಾತಿನವರಿಗೆ ಫೋನ್ ಮಾಡಿ "ಮೇಲೆ ನಿಂತು ನೋಡೋರು ಯಾರು?" ಅಂದೆ. "ಡ್ರೈವರ್ ಇರ್ತಾನೆ ಮೇಡಂ" ಅಂದ್ರು. ಅವನೇ ಅಡುಗೆನೂ ಬಡಿಸ್ತಾನಂತೆ. ಬಿಟ್ಟೆ. ಇನ್ನೊಬ್ಬರು ನಾನು ಕೇಳೋ ಮುಂಚೆಯೇ "ಯಾರಿಗೆ ಈಜು ಬರಲ್ಲ, ಯಾರು ಔಷಧ ತಗೊಳ್ತಾರೆ" ಅಂತ ವಿಚಾರಿಸಿದ್ರು. ಅವರ ಜೊತೆ ಹೋದ್ವಿ.

ಯಜಮಾನರಿಗೆ ಈಜುಕೊಳದಲ್ಲಿ ಅಭ್ಯಾಸ ಮಾಡಿಸಿದ್ದು ಕೆಲಸಕ್ಕೆ ಬಂತು. ಆದ್ರೂ ದೋಣಿಯ ಏಣಿಯಲ್ಲಿ ಕೊನೇ ಮೆಟ್ಟಿಲು ಬಿಡೋಕೆ ತುಂಬಾ ಹೊತ್ತು ತಗೊಂಡ್ರು. ಗೈಡ್ ಹುಡುಗಿ ಅವಸರ ಮಾಡಲಿಲ್ಲ, ಕೆಳಗೆ ತೇಲುಬಳೆ ಹಿಡ್ಕೊಂಡು ಮಗಳ ಹತ್ತಿರ ಏನೋ ಹರಟ್ತಾ ಇದ್ಲು. ಇವರು ಬಳೆ ಹಿಡಿದು ಮುಖ ಒಳಗೆ ಹಾಕಿದವರು ಆಮೇಲೆ ಎತ್ತಲೇ ಇಲ್ಲ. ನಾನು ಗಾಬರಿಯಾಗಿ ಭುಜ ತಟ್ಟಿದ್ರೆ ಕೋಪ ಬಂತು ಅವರಿಗೆ.

ಅಮ್ಮನ ಆಮೆ ಸಿಕ್ತು! ಹುಲ್ಲು ಬೆಳೆದ ಮರಳು ಜಾಗ, ಆಳ ಮೂರು ಮೀಟರ್ ಇರಬಹುದು. ಹುಲ್ಲನ್ನ ಬಾಯಲ್ಲಿ ಹಿಡಿದು ತಲೆಯನ್ನ ಪಕ್ಕಕ್ಕೆ ಒದರಿ ಕೀಳ್ತಾ ಇತ್ತು. ಪ್ರತಿ ಸಲ ಕಿತ್ತಾಗ ಮರಳಿನ ಸಣ್ಣ ಮೋಡ ಏಳೋದು, ಅದರೊಳಗೆ ಹಳದಿ ಪಟ್ಟೆಯ ಪುಟ್ಟ ಮೀನೊಂದು ನುಗ್ಗಿ ಏನನ್ನೋ ಹೆಕ್ಕೋದು. ಚಿಪ್ಪಿನ ಮೇಲೆ ಪಾಚಿ, ಒಂದು ಅಂಚು ಮುರಿದು ಮತ್ತೆ ಕೂಡಿಕೊಂಡ ಗುರುತು. ನಾವು ನಾಲ್ಕೂ ಜನ ಬಳೆ ಸುತ್ತ ಅಲ್ಲಾಡದೆ ತೇಲ್ತಾ ಇದ್ವಿ. ಆಮೇಲೆ ಅದು ಮೇಯೋದು ನಿಲ್ಲಿಸಿ, ನಮ್ಮ ಪಕ್ಕದಲ್ಲೇ ಓರೆಯಾಗಿ ಮೇಲಕ್ಕೆ ಬಂದು, ಮೂಗು ಮಾತ್ರ ಹೊರಗೆ ಹಾಕಿ ಭುಸ್ ಅಂತ ಉಸಿರು ಬಿಡ್ತು, ಎಳ್ಕೊಂಡ್ತು, ಮತ್ತೆ ಅದೇ ಜಾಗಕ್ಕೆ ಇಳೀತು. ಅಮ್ಮ ಕೊಳವೆ ಒಳಗಿಂದಲೇ ಏನೋ ಕೂಗಿದ್ರು, ಯಾರಿಗೂ ಅರ್ಥ ಆಗಲಿಲ್ಲ.

ಎರಡನೇ ಜಾಗಕ್ಕೆ ಇಳಿಸಲಿಲ್ಲ. ಬೋಯಾ ಹಗ್ಗ ಬಿಗಿದು ಓರೆಯಾಗಿತ್ತು, ಅದನ್ನ ನೋಡಿ ಗೈಡ್ "ಸೆಳೆತ ಜೋರಿದೆ, ಇವತ್ತು ಇಲ್ಲಿ ಬೇಡ" ಅಂದ್ಲು. ಒಬ್ಬ ಪ್ರಯಾಣಿಕರು ಕಾಸು ಕೊಟ್ಟಿದ್ದೀವಿ ಅಂತ ಜಗಳ ತೆಗೆದ್ರು. ಅವಳು ಒಂದು ತುಂಡು ಪಾಚಿ ನೀರಿಗೆ ಹಾಕಿ ತೋರಿಸಿದ್ಲು, ನಾವು ನೋಡ್ತಿದ್ದ ಹಾಗೇ ಅದು ದೋಣಿ ದಾಟಿ ಹೋಯ್ತು. ಆಮೇಲೆ ಅವರೂ ಸುಮ್ಮನಾದ್ರು.

ಹವಳ ಅರ್ಧ ಚೆನ್ನಾಗಿತ್ತು. ಇನ್ನರ್ಧ ಕಂದು, ಪುಡಿ ಪುಡಿ. ಗೈಡ್ ಮುಚ್ಚಿಡಲಿಲ್ಲ. ಮಗಳು ಅದನ್ನೇ ತುಂಬಾ ಹೊತ್ತು ನೋಡಿದ್ಲು. ಗಿಳಿಮೀನಿನ ಮರಳಿನ ಕಥೆ ಕೇಳಿ ಮಾತ್ರ ದಡದಲ್ಲಿ ಟವೆಲ್ ಇಲ್ದೆ ಕೂರಲಿಲ್ಲ, ಹುಚ್ಚಿ ಅವರು ಹೇಳಿದ ಹಾಗೇ.

ತರಲೆ_ತಿಮ್ಮ

ಆಮೆ ರಜೆ ಹಾಕಿರಲಿಲ್ಲ ಅನ್ನಿ. ನನ್ನ ಮಾತು ತಲುಪಿದೆ.

ಪ್ರವಾಸಿ_ಪ್ರಸನ್ನ

ಓದಿ ಖುಷಿ ಆಯ್ತು ಮೇಡಂ. ಬ್ರೆಡ್ ವಿಷಯದಲ್ಲಿ ನನಗಿನ್ನೂ ಪೂರ್ತಿ ಒಪ್ಪಿಗೆ ಇಲ್ಲ, ಆದ್ರೆ ಆ ಪಾಚಿ ತುಂಡಿನ ಉಪಾಯ ಚೆನ್ನಾಗಿದೆ, ಮುಂದಿನ ಸಲ ನಾನೂ ನೋಡ್ತೀನಿ.

ಚಷ್ಮಾ_ಸುರೇಶ

ವೀಣಾ ಅವರೇ, ಅವರ ದೋಣಿಯಲ್ಲಿ ಪವರ್ ಮಾಸ್ಕ್ ಇತ್ತಾ?

ವೀಣಾ_ಎಚ್

ಎರಡೇ ಇದ್ವು, ಮೈನಸ್ 2 ಮತ್ತು ಮೈನಸ್ 4. ಮೈನಸ್ 4ನ್ನ ಬೇರೆಯವರು ಮೊದಲೇ ಹೇಳಿಟ್ಟಿದ್ರು. ನೀವು ಬುಕ್ ಮಾಡುವಾಗಲೇ ಪವರ್ ಹೇಳಿಬಿಡಿ. ಸ್ವಂತದ್ದು ತಗೊಳ್ಳೋದಾದ್ರೆ ಎರಡು ಕಣ್ಣಿಗೂ ಬೇರೆ ಬೇರೆ ಗಾಜು ಹಾಕೋಕೆ ಬರೋ ಮಾಸ್ಕ್ ನೋಡಿ.